ಕಾಡು ಕೊಲಂಬೈನ್ ಬೆಳೆಸಿದ್ದು, ನನ್ನ ಅನುಭವ

ನಾವಿರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಹತ್ರ. ಇಲ್ಲಿನ ಕಾಡಲ್ಲಿ ಮೇ ತಿಂಗಳಲ್ಲಿ ಕೆಂಪು-ಹಳದಿ ಹೂ ಬಿಡೋ ಕೊಲಂಬೈನ್ ಅಂತ ಗಿಡ ಇದೆ, ಸಸ್ಯಶಾಸ್ತ್ರದ ಹೆಸರು ಅಕ್ವಿಲೀಜಿಯ ಕೆನಡೆನ್ಸಿಸ್. ನನಗಂತೂ ಇದರ ಮೇಲೆ ಪ್ರಾಣ. ಮೊದಲನೇ ವರ್ಷ ನರ್ಸರಿಯಿಂದ ಮೂರು ಗಿಡ ತಂದು, ಅಮ್ಮ ಊರಲ್ಲಿ ಸೇವಂತಿಗೆಗೆ ಮಾಡ್ತಿದ್ದ ಹಾಗೇ ಗುಂಡಿ ತುಂಬ ಕಾಂಪೋಸ್ಟ್ ಹಾಕಿ ದಿನಾ ನೀರು ಹಾಕ್ದೆ. ನಮ್ಮದು ಜೇಡಿ ಮಣ್ಣು, ನೀರು ಇಂಗೋದೇ ಇಲ್ಲ. ಎರಡು ಗಿಡ ಬುಡ ಕೊಳೆತು ಸತ್ವು, ಮೂರನೇದು ಸೊಕ್ಕಿ ಬೆಳೆದು ಅಡ್ಡ ಬಿತ್ತು. ತುಂಬಾ ಬೇಜಾರಾಯ್ತು.

ಮುಂದಿನ ಮೇನಲ್ಲಿ ಡೆವಿಲ್ಸ್ ಲೇಕ್ ಪಾರ್ಕ್‌ಗೆ ಹೋದಾಗ ಕಣ್ಣು ತೆರೀತು ನೋಡಿ. ಅಲ್ಲಿ ಬೆಟ್ಟ ಪೂರ್ತಿ ನಸುಗೆಂಪು ಕ್ವಾರ್ಟ್‌ಜೈಟ್ ಬಂಡೆ, ಅದರ ಸಂದಿಯಲ್ಲಿ, ಮರಗಳ ಚೂರುಪಾರು ನೆರಳಲ್ಲಿ ಈ ಗಿಡ ಆರಾಮಾಗಿ ನಿಂತಿತ್ತು, ಬುಡ ಮುಟ್ಟಿ ನೋಡಿದ್ರೆ ಒಂದು ಹಿಡಿ ಒಣ ತರಗು, ಕಲ್ಲಿನ ಚೂರು ಅಷ್ಟೇ. ಇದಕ್ಕೆ ಬೇಕಾಗಿರೋದು ಗೊಬ್ಬರ ಅಲ್ಲ, ನೀರು ಬಸಿದು ಹೋಗೋ ಜಾಗ.

ಪಾರ್ಕಲ್ಲಿ ಕೀಳೋ ಹಾಗಿಲ್ಲ, ಕೀಳಲೂಬಾರದು, ಅದಕ್ಕೆ ಪಕ್ಕದ ಮನೆಯವರ ಹತ್ರ ಬೀಜ ಇಸ್ಕೊಂಡೆ. ಥೇಟ್ ಕಾಮಕಸ್ತೂರಿ ಬೀಜದ ಥರ, ಮಿರಮಿರ ಮಿಂಚೋ ಕಪ್ಪು. ಇದು ಮೊಳೀಬೇಕಾದ್ರೆ ಒಂದೆರಡು ತಿಂಗಳು ಒದ್ದೆ ಚಳಿ ತಿನ್ನಬೇಕು, ಮೇಲೆ ಬೆಳಕೂ ಬೀಳಬೇಕು. ಡಿಸೆಂಬರಲ್ಲಿ ಹಾಲಿನ ಕ್ಯಾನ್ ಕತ್ತರಿಸಿ, ತಳಕ್ಕೆ ತೂತು ಮಾಡಿ, ಮರಳು ಬೆರೆಸಿದ ಮಣ್ಣಿನ ಮೇಲೆ ಬೀಜ ಉದುರಿಸಿ, ಮುಚ್ಚದೆ ಬರೀ ಒತ್ತಿ ಹೊರಗೆ ಹಿಮದಲ್ಲೇ ಬಿಟ್ಟೆ. ಏಪ್ರಿಲ್ ಕೊನೆಗೆ ಮೊಳಕೆ ಬಂತು. ಬೇರು ಆಳಕ್ಕೆ ಇಳಿಯೋ ಜಾತಿ, ದೊಡ್ಡದಾದ ಮೇಲೆ ಕಿತ್ತು ನೆಟ್ರೆ ಒಗ್ಗಲ್ಲ, ಹಾಗಾಗಿ ಸಸಿ ಚಿಕ್ಕದಿರುವಾಗಲೇ ಓಕ್ ಮರದ ಪೂರ್ವಕ್ಕೆ, ಇಳಿಜಾರಲ್ಲಿ ಜಲ್ಲಿ ಬೆರೆಸಿ ನೆಟ್ಟೆ. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು.

ಆ ವರ್ಷ ಬರೀ ಎಲೆ, ಕೆಸುವಿನೆಲೆ ಮೇಲೆ ನಿಲ್ಲೋ ಹಾಗೆ ಮಳೆಹನಿ ಗುಂಡಗೆ ನಿಲ್ತಿತ್ತು. ಮರುವರ್ಷ ಹೂ! ಹೂ ತಲೆ ಬಗ್ಗಿಸಿ ತೂಗುತ್ತೆ, ಐದು ಕೆಂಪು ಕೊಂಬು ಮೇಲಕ್ಕೆ, ಮಕರಂದ ಇರೋದು ಆ ಕೊಂಬಿನ ತುದಿಯಲ್ಲಿ. ಅದೇ ಹೊತ್ತಿಗೆ ದಕ್ಷಿಣದಿಂದ ಹಮ್ಮಿಂಗ್‌ಬರ್ಡ್ ಅನ್ನೋ ಪುಟ್ಟ ಹಕ್ಕಿ ವಾಪಸ್ ಬಂದಿರುತ್ತೆ, ಕಿಟಕಿ ಹತ್ರ ಕಾಫಿ ಹಿಡ್ಕೊಂಡು ನಿಂತಿದ್ದೆ, ಗಾಳಿಯಲ್ಲೇ ನಿಂತು ಕೆಳಗಿಂದ ಕೊಕ್ಕು ಹಾಕಿ ಒಂದೊಂದೇ ಕೊಂಬು ಹೀರ್ತು, ಕಾಫಿ ಆರಿಹೋಗಿದ್ದೂ ಗೊತ್ತಾಗ್ಲಿಲ್ಲ.

ಎಲೆ ಮೇಲೆ ಬಿಳಿ ಗೀಟು ಬಂದ್ರೆ ಲೀಫ್ ಮೈನರ್ ಹುಳ, ಔಷಧಿ ಬೇಡ, ಎಲೆ ಕಿತ್ತರೆ ಸಾಕು. ಗಿಡದ ಆಯಸ್ಸು ಮೂರ್ನಾಲ್ಕು ವರ್ಷ ಅಷ್ಟೇ, ಆದ್ರೆ ಕಾಯಿ ಒಣಗೋವರೆಗೂ ಬಿಟ್ರೆ ತಾನೇ ಬೀಜ ಉದುರಿಸಿ ಮತ್ತೆ ಹುಟ್ಟುತ್ತೆ. ಒಂದೇ ಒಂದು ಎಚ್ಚರಿಕೆ, ಅಂಗಡಿಯಲ್ಲಿ ಸಿಗೋ ನೀಲಿ-ನೇರಳೆ ಯುರೋಪಿನ ಕೊಲಂಬೈನ್ ಪಕ್ಕದಲ್ಲಿ ನೆಡಬೇಡಿ, ಎರಡೂ ಬೇಗ ಬೆರಕೆ ಆಗ್ತವೆ, ಆಮೇಲೆ ಉದುರಿದ ಬೀಜದಿಂದ ಬರೋ ಗಿಡ ಈ ಕೆಂಪು ಕಾಡುಹೂವೇ ಬಿಡುತ್ತೆ ಅಂತ ಹೇಳಕ್ಕಾಗಲ್ಲ.