ಒತ್ತಕ್ಷರ ಒಡೆಯದ ಸಬ್‌ಟೈಟಲ್: ‘ನೈಟ್ ಆಫ್ ದಿ ಲಿವಿಂಗ್ ಡೆಡ್’ಗೆ ಕನ್ನಡ ಕೂರಿಸಿದ ನನ್ನ ಅನುಭವ

ಕಲೆಕ್ಟರ್ಸ್ ಡಿಸ್ಕಿನ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಕೂರುವುದೇ ಇಲ್ಲ, ಒತ್ತೆಲ್ಲ ಕಿತ್ತುಹೋಗುತ್ತದೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೂತಿದೆ. ಸತ್ತವರು ಎದ್ದು ಬರುವ, ಜಾರ್ಜ್ ರೊಮೆರೊನ 1968ರ ಈ ಭಯದ ಚಿತ್ರ ನಮ್ಮ ಮನೆಯ ಪ್ರೊಜೆಕ್ಟರಿನಲ್ಲಿ 96 ನಿಮಿಷವೂ ಕನ್ನಡದಲ್ಲಿ ಓಡಿತು, ‘ರಾಷ್ಟ್ರೀಯ’ ಎಂಬ ಪದ ಬಂದಾಗಲೂ ಒಂದು ಒತ್ತು ಕದಲಲಿಲ್ಲ. ಕೂರುವುದಿಲ್ಲ ಎಂದವರಲ್ಲಿ ಇಬ್ಬರು ಅಂದು ನನ್ನ ಸೋಫಾದಲ್ಲೇ ಇದ್ದರು.

ಮೊದಲು ದುಡ್ಡಿನ ಮಾತು, ಎಲ್ಲರೂ ನಕ್ಕಿದ್ದು ಅದಕ್ಕೇ. ಈ ಚಿತ್ರ ಅಮೆರಿಕದಲ್ಲಿ ಯಾರ ಸ್ವತ್ತೂ ಅಲ್ಲ. ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’ ಎಂದಿದ್ದ ಹೆಸರನ್ನು ವಿತರಕರು ಬದಲಿಸಿದಾಗ ಹಳೆಯ ಶೀರ್ಷಿಕೆಯ ಜೊತೆಗೆ ಕಾಪಿರೈಟ್ ಸೂಚನೆಯೂ ಹೊರಟುಹೋಯಿತು. ಅಂದಿನ ಕಾನೂನಿನಲ್ಲಿ ಹಕ್ಕು ಕಳೆದುಕೊಳ್ಳಲು ಅಷ್ಟು ಸಾಕಿತ್ತು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಚಿತ್ರಕ್ಕೆ ನಾನು ಹತ್ತಿರ ಹತ್ತಿರ ಇಪ್ಪತ್ತೈದು ಸಾವಿರ ಸುರಿದೆ. ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್‌ನ 4ಕೆ ಸೆಟ್ ಅರ್ಧ ಬೆಲೆಯ ಮಾರಾಟದಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸಿಗೆ ಸಿಕ್ಕಿತು. ಕೊರಿಯರ್ ಮತ್ತು ಸುಂಕ ಸೇರಿ ಹೆಚ್ಚುಕಡಿಮೆ ಅಷ್ಟೇ ಮತ್ತೆ ಆಯಿತು. ಉಳಿದದ್ದೆಲ್ಲ ಪ್ಲೇಯರಿಗೆ. 4ಕೆ ಡಿಸ್ಕಿಗೆ ರೀಜನ್ ಬೇಲಿ, ಅಂದರೆ ಇಂಥ ದೇಶಗಳ ಪ್ಲೇಯರಿನಲ್ಲಷ್ಟೇ ಓಡಬೇಕೆಂಬ ಕಟ್ಟು, ಇಲ್ಲ, ಆದರೆ ಅದೇ ಪೆಟ್ಟಿಗೆಯ ಎರಡು ಬ್ಲೂ-ರೇ ರೀಜನ್ ಎ, ನಮ್ಮದು ರೀಜನ್ ಸಿ. ಹೆಚ್ಚುವರಿ ಸರಕೆಲ್ಲ ಇರುವುದು ಆ ಬ್ಲೂ-ರೇಗಳಲ್ಲೇ. ‘ನೈಟ್ ಆಫ್ ಅನೂಬಿಸ್’ ಎಂಬ ಹೆಸರಿನ ವರ್ಕ್‌ಪ್ರಿಂಟ್, ಅಂದರೆ ಚಿತ್ರದ ಕರಡು ಪ್ರತಿ, ನೋಡಲೇಬೇಕೆಂಬ ಚಪಲಕ್ಕೆ ಬೇಲಿ ತೆಗೆಸಿದ ಸೆಕೆಂಡ್ ಹ್ಯಾಂಡ್ ಪ್ಲೇಯರ್ ಕೊಂಡೆ.

ಪುಕ್ಕಟೆ ಪ್ರತಿಗೇ ಕನ್ನಡ ಹಾಕಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು. ಫುಟ್‌ಪಾತಿನಲ್ಲಿ ಕೊಂಡ ಡಿವಿಡಿಯಲ್ಲಿ ನಾನು ಈ ಚಿತ್ರ ಮೊದಲು ನೋಡಿದಾಗ ರಾತ್ರಿಯ ದೃಶ್ಯಗಳೆಲ್ಲ ಚೆಲ್ಲಿದ ಮಸಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಮಾಡಿದ ಪುನರುಜ್ಜೀವನದಲ್ಲಿ ನಾಯಕ ಬೆನ್ ಕಿಟಕಿಗೆ ಹೊಡೆಯುವ ಹಲಗೆಯ ನಾರು ಕಾಣುತ್ತದೆ. ರೊಮೆರೊ 2017ರಲ್ಲಿ ತೀರಿಕೊಳ್ಳುವ ಮೊದಲು ತಾನೇ ಕೂತು ನೋಡಿ ಒಪ್ಪಿದ ಕೆಲಸ ಅದು. ರಕ್ತದ ಬದಲು ಬಳಸಿದ ಚಾಕೊಲೇಟ್ ಸಿರಪ್ಪು ಕಪ್ಪು ಬಿಳುಪಿನಲ್ಲಿ ಹೊಳೆಯುವುದನ್ನು ಈಗ ನೋಡಬೇಕು.

ಇನ್ನೊಂದು ತೊಡಕು, ಪುಕ್ಕಟೆ ಪ್ರತಿಗಳ ವೇಗ ಒಂದೊಂದರದು ಒಂದೊಂದು. ಸೆಕೆಂಡಿಗೆ 25 ಫ್ರೇಮಿನ ಪ್ರತಿಯಲ್ಲಿ ಚಿತ್ರ 92 ನಿಮಿಷಕ್ಕೇ ಮುಗಿಯುತ್ತದೆ. 24ಕ್ಕೆ ಕೂರಿಸಿದ್ದನ್ನು 23.976ಕ್ಕೆ ಹಾಕಿದರೆ ಕೊನೆಗೆ ಬರುವಷ್ಟರಲ್ಲಿ ಆರು ಸೆಕೆಂಡ್ ವ್ಯತ್ಯಾಸ. ಇದು ಲೆಕ್ಕದಲ್ಲಿ ಸರಿಹೋಗುತ್ತದೆ. ಸರಿಹೋಗದ್ದು ರೀಲು ಬದಲಾಗುವಲ್ಲಿ ಹರಿದುಹೋದ ಫ್ರೇಮುಗಳು. ಪ್ರತಿ ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ಜಾರಿ, ಅರ್ಧ ಚಿತ್ರಕ್ಕೆ ಬರುವಾಗ ಭಾಗವತರು ಮುಂದಿನ ಪದ್ಯಕ್ಕೆ ಹೋಗಿ ವೇಷಧಾರಿ ಹಿಂದಿನದಕ್ಕೇ ಕುಣಿಯುತ್ತಿರುವ ಹಾಗಾಗುತ್ತದೆ. ಡಿಸ್ಕಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದೆ. ನಾನು ಅದರ ಸಮಯವನ್ನೇ ಎತ್ತಿಕೊಂಡು, ಮಾತಷ್ಟನ್ನು ಕನ್ನಡದಲ್ಲಿ ಬರೆದೆ. ಸುಮಾರು ಎಂಟುನೂರು ಒಂಬೈನೂರು ಸಾಲು ಇರಬೇಕು. ಡಿಸ್ಕನ್ನು ಹಾರ್ಡ್‌ಡಿಸ್ಕಿಗೆ ಇಳಿಸುವ ವಿಷಯ ಇಲ್ಲಿ ಬರೆಯುವುದಿಲ್ಲ. ಬಲ್ಲವರು ಬಲ್ಲರು.

ಈಗ ಒತ್ತಕ್ಷರ. ಎಸ್‌ಆರ್‌ಟಿ ಫೈಲು, ಅಂದರೆ ಬರೀ ಅಕ್ಷರ ಮತ್ತು ಸಮಯ ಇರುವ ಸಬ್‌ಟೈಟಲ್ ಫೈಲು, ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತದೆ, ಅದು ಎಲ್ಲರಿಗೂ ಗೊತ್ತು. ಟಿವಿಗೆ ಕೊಟ್ಟರೆ ‘ಸ್ಮಶಾನ’ ಮೂರು ತುಂಡಾಗುತ್ತದೆ, ಪ್ಲೇಯರಿಗೆ ಕೊಟ್ಟರೆ ಬರೀ ಡಬ್ಬಿ ಡಬ್ಬಿ. ಫಾಂಟ್ ಬದಲಿಸಿ ನೋಡಿದೆ, ಫಾಂಟನ್ನು ಎಂಕೆವಿ ವಿಡಿಯೊ ಫೈಲಿನ ಒಳಗೇ ತುಂಬಿ ನೋಡಿದೆ, ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲೂ ಕೈ ಹಾಕಿದೆ. ಒಂದೂ ನಡೆಯಲಿಲ್ಲ. ಆ ಯಂತ್ರಗಳು ಅಕ್ಷರವನ್ನು ಒಂದೊಂದಾಗಿ ಜೋಡಿಸುತ್ತವೆ, ಒತ್ತನ್ನು ಕೆಳಗಿಳಿಸಬೇಕು ಎಂಬುದೇ ಅವಕ್ಕೆ ಗೊತ್ತಿಲ್ಲ. ಗೆಳೆಯರು ಹೇಳಿದ ದಾರಿ, ಚಿತ್ರದ ಮೇಲೆಯೇ ಅಕ್ಷರ ಸುಟ್ಟುಬಿಡುವುದು. ಒತ್ತು ಉಳಿಯುತ್ತದೆ ನಿಜ. ಆದರೆ ಮತ್ತೆ ಎನ್‌ಕೋಡ್ ಮಾಡಿದಾಗ ಫಿಲ್ಮಿನ ಗ್ರೇನ್, ಅಂದರೆ ಅದರ ಸಣ್ಣ ಸಣ್ಣ ಕಾಳು, ಕರಗಿ ಮೇಣವಾಗುತ್ತದೆ. ಆ ಗ್ರೇನಿಗೇ ಅಲ್ಲವೇ ದುಡ್ಡು ಕೊಟ್ಟದ್ದು!

ನಡೆದ ದಾರಿ ಇದು: ಕನ್ನಡವನ್ನು ಅಕ್ಷರವಾಗಿ ಕಳಿಸಬೇಡಿ, ಚಿತ್ರವಾಗಿ ಕಳಿಸಿ. ಬ್ಲೂ-ರೇಯ ಸಬ್‌ಟೈಟಲ್ ಹೇಗೂ ಪಿಜಿಎಸ್, ಅಂದರೆ ಒಂದೊಂದು ಸಾಲೂ ಒಂದು ಪುಟ್ಟ ಚಿತ್ರ. ಯಂತ್ರ ಓದುವುದೇ ಇಲ್ಲ, ಅಂಟಿಸುತ್ತದೆ ಅಷ್ಟೆ. ‘ಸಬ್‌ಟೈಟಲ್ ಎಡಿಟ್’ ಎಂಬ ತಂತ್ರಾಂಶದಲ್ಲಿ ಬ್ಲೂ-ರೇ ಸಪ್ (ಆ ಪುಟ್ಟ ಚಿತ್ರಗಳ ಫೈಲು) ಆಗಿ ರಫ್ತು ಮಾಡಿ, ‘ಎಂಕೆವಿ ಟೂಲ್‌ನಿಕ್ಸ್’ ಎಂಬ ಇನ್ನೊಂದರಲ್ಲಿ ಸಿನಿಮಾದ ಜೊತೆ ಕಟ್ಟಿದೆ. ವಿಡಿಯೊವನ್ನು ಮುಟ್ಟಲೇ ಇಲ್ಲ. ರಫ್ತಿನ ಕಿಟಕಿಯಲ್ಲಿ ಒಂದು ಸಣ್ಣ ಆಯ್ಕೆ ಇದೆ, ಅದನ್ನು ಮರೆತರೆ ಇಲ್ಲೂ ಒತ್ತು ಒಡೆಯುತ್ತದೆ. ಯಾವುದು ಎಂದು ಹೇಳುವುದಿಲ್ಲ, ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಫಾಂಟ್ ನೋಟೊ ಸಾನ್ಸ್ ಕನ್ನಡ, ದಪ್ಪದ್ದು. ತೆಳುವಾದದ್ದು ಪ್ರೊಜೆಕ್ಟರಿನಲ್ಲಿ ಮಾಯ. ಎರಡು ಸಾಲು ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ, ಹಾಗಾಗಿ ಸಾಲಿನ ಅಂತರ ಇಂಗ್ಲಿಷಿಗಿಂತ ಮೂರನೇ ಒಂದರಷ್ಟು ಹೆಚ್ಚು ಕೊಟ್ಟೆ. ಬಣ್ಣ ಬಿಳಿ ಬೇಡ. ಬೆಳಕನ್ನು ಹೆಚ್ಚು ಪ್ರಖರವಾಗಿ ತೋರಿಸುವ ಎಚ್‌ಡಿಆರ್ ಚಿತ್ರದಲ್ಲಿ ಅಚ್ಚ ಬಿಳಿ ಅಕ್ಷರ ಟ್ಯೂಬ್‌ಲೈಟಿನಂತೆ ಕಣ್ಣಿಗೆ ಚುಚ್ಚುತ್ತದೆ. ಹಳದಿ ಕಪ್ಪು ಬಿಳುಪಿನ ಮೇಲೆ ಅಸಹ್ಯ. ತಿಳಿ ಬೂದು, ಸುತ್ತ ದಪ್ಪ ಕಪ್ಪು ಅಂಚು.

ಹೆಚ್ಚು ಹೊತ್ತು ತಿಂದದ್ದು ರೇಡಿಯೊ ಮತ್ತು ಟಿವಿ. ಬೆನ್ ಮೊಳೆ ಹೊಡೆಯುತ್ತಿರುತ್ತಾನೆ, ಹಿಂದೆ ಸುದ್ದಿ ಓದುವವನು ನಿಲ್ಲಿಸುವುದೇ ಇಲ್ಲ. ಇಂಗ್ಲಿಷಿನಲ್ಲಾದರೆ ಓರೆ ಅಕ್ಷರ ಹಾಕಿ ಬೇರೆ ಮಾಡುತ್ತಾರೆ, ಕನ್ನಡವನ್ನು ಓರೆ ಮಾಡಿದರೆ ಬಿದ್ದುಹೋಗುವಂತೆ ಕಾಣುತ್ತದೆ. ಯಂತ್ರದಿಂದ ಬರುವ ದನಿಯನ್ನೆಲ್ಲ ತೆರೆಯ ಮೇಲ್ಭಾಗಕ್ಕೆ ಕಳಿಸಿದೆ, ಮನೆಯೊಳಗಿನವರ ಮಾತು ಕೆಳಗೆ. ಮೇಲಿನದಕ್ಕೆ ಆಕಾಶವಾಣಿಯ ವಾರ್ತೆಯ ಕನ್ನಡ, ಕೆಳಗಿನದಕ್ಕೆ ಬಾಯಿಮಾತು. ಈ ಭಾಗ ಚೆನ್ನಾಗಿಯೇ ಬಂದಿದೆ ಎಂದು ನಾನೇ ಹೇಳಿಕೊಳ್ಳುತ್ತೇನೆ. ಕೊನೆಯ ಸ್ತಬ್ಧಚಿತ್ರಗಳ ಹಿಂದೆ ಕೇಳುವ ಬಂದೂಕಿನವರ ಗೊಣಗಾಟದಲ್ಲಿ ಮಾತ್ರ ಅರ್ಧಕ್ಕರ್ಧ ಬಿಟ್ಟೆ. ಅಲ್ಲಿ ಕಣ್ಣು ಅಕ್ಷರಕ್ಕೆ ಹೋಗಬಾರದು.

ಈ ಹುಮ್ಮಸ್ಸಿನಲ್ಲಿ ರೊಮೆರೊನ 1978ರ ‘ಡಾನ್ ಆಫ್ ದಿ ಡೆಡ್’ಗೂ ಕೈ ಹಾಕಿದೆ. ಇಂಗ್ಲೆಂಡಿನ ಸೆಕೆಂಡ್ ಸೈಟ್ ಕಂಪನಿಯ ಪೆಟ್ಟಿಗೆಯಲ್ಲಿ ಅದರ ಮೂರು ರೂಪಗಳಿವೆ: ಥಿಯೇಟರಿನದು, ಉದ್ದದ್ದು, ಇಟಲಿಯ ನಿರ್ದೇಶಕ ದಾರಿಯೊ ಅರ್ಜೆಂಟೊ ಕತ್ತರಿಸಿದ್ದು. ಒಂದಕ್ಕೆ ಬರೆದು ಮೂರಕ್ಕೂ ಹೊಂದಿಸೋಣ ಎಂಬ ಲೆಕ್ಕ. ಆಗಲಿಲ್ಲ. ಅರ್ಜೆಂಟೊನದು ಕತ್ತರಿಸಿದ ಪ್ರತಿ ಅನ್ನುವುದಕ್ಕಿಂತ ಬೇರೆಯೇ ಜೋಡಣೆ. ಸಂಗೀತ ಬೇರೆ, ಒಂದೇ ದೃಶ್ಯದೊಳಗಿನ ಮಾತೂ ಹಿಂದೆ ಮುಂದೆ. ಕತೆಯವರು ಮಾಲ್ ತಲುಪುವವರೆಗೆ ಎಳೆದಾಡಿ ಬಿಟ್ಟೆ. ಅದು ಕಲರ್ ಚಿತ್ರವಾದ್ದರಿಂದ ಬೂದು ಅಕ್ಷರವೂ ಹೊಂದುವುದಿಲ್ಲ, ಮೇಕಪ್ ಮಾಡಿದ ಟಾಮ್ ಸವಿನಿಯ ಆ ಕೆಂಪು ರಕ್ತದ ಮೇಲೆ ಎಲ್ಲ ಬಣ್ಣವೂ ಸೋಲುತ್ತದೆ.

ಮೊದಲ ಚಿತ್ರದ ಕನ್ನಡ ಫೈಲು ಬೇಕೆಂದು ನಾಲ್ಕಾರು ಜನ ಕೇಳಿದ್ದಾರೆ. ಕೊಡುತ್ತೇನೆ, ಆದರೆ ಯಾವ ಪ್ರತಿ ಇಟ್ಟುಕೊಂಡಿದ್ದೀರಿ ಎಂದು ಮೊದಲು ನೋಡಿಕೊಳ್ಳಿ. ಸ್ಮಶಾನಕ್ಕೆ ಕಾರು ಹೋಗುವ ಮೊದಲ ನಿಮಿಷಗಳಲ್ಲಿ ಮಾತೇ ಇಲ್ಲ, ಅಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ. ನೆಲಮಾಳಿಗೆಗೆ ಹೋಗಬೇಕೋ ಬೇಡವೋ ಎಂದು ಬೆನ್ ಮತ್ತು ಕೂಪರ್ ಜಗಳವಾಡುವ ಜಾಗಕ್ಕೆ ನೇರ ಹೋಗಿ. ಅಲ್ಲಿ ತುಟಿ ಮತ್ತು ಅಕ್ಷರ ಕೂಡಿದರೆ ಕೊನೆಯವರೆಗೂ ಕೂಡುವ ಸಂಭವ ಹೆಚ್ಚು.