ಸೂಪರ್ 8 ಜೋಡಿಸಲು ಕೊನೆಗೂ ಸಿಮೆಂಟೇ ಗೆದ್ದಿತು: ನನ್ನ ಅನುಭವ

"ಟೇಪ್ ಹಾಕಿ ಮುಗಿಸಿ ಮಾರಾಯ್ರೆ, ಈಗ ಸಿಮೆಂಟ್ ಯಾರು ಹಾಕ್ತಾರೆ?" ಎಂದು ನಕ್ಕವರೇ ಜಾಸ್ತಿ. ಸೂಪರ್ 8 ಎಂದರೆ ಮನೆಯ ಸಿನೆಮಾ ತೆಗೆಯುವ ಎಂಟು ಮಿ.ಮೀ. ಫಿಲ್ಮು. ಅದರ ತುಂಡುಗಳನ್ನು ಜೋಡಿಸುವುದು ಒಂದೋ ಅಂಟುವ ಟೇಪಿನಲ್ಲಿ, ಇಲ್ಲವೇ ಫಿಲ್ಮನ್ನೇ ಕರಗಿಸಿ ಬೆಸೆಯುವ ದ್ರವದಲ್ಲಿ; ಆ ದ್ರವಕ್ಕೇ ಸಿಮೆಂಟ್ ಎನ್ನುವುದು. ಹೋದ ವರ್ಷ ಸಿಮೆಂಟಿನಲ್ಲಿ ಜೋಡಿಸಿದ 400 ಅಡಿಯ ರೀಲು ಒಂದು ಮಳೆಗಾಲ, ಒಂದು ಬೇಸಗೆ ದಾಟಿ ಮೊನ್ನೆ ಪ್ರೊಜೆಕ್ಟರಿನಲ್ಲಿ ಎಲ್ಲೂ ಬಿಡದೆ ಓಡಿತು. ನಕ್ಕವರಲ್ಲಿ ಇಬ್ಬರನ್ನು ಕರೆದು ಕೂರಿಸಿಯೇ ಓಡಿಸಿದೆ.

ಟೇಪನ್ನು ಬೈಯುವುದಿಲ್ಲ. ಫ್ರೇಮ್ ಹೋಗುವುದಿಲ್ಲ, ಬೇಡವೆಂದರೆ ಬಿಚ್ಚಬಹುದು. ಆದರೆ ಮಂಗಳೂರಿನ ಸೆಖೆಗೆ ಅದರ ಅಂಟು ಅಂಚಿನಿಂದ ಜಿನುಗುತ್ತದೆ. ಎರಡು ವರ್ಷ ಕಪಾಟಿನಲ್ಲಿಟ್ಟು ತೆಗೆದರೆ ಮೇಲಿನ ಸುತ್ತು, ಕೆಳಗಿನ ಸುತ್ತು ಎರಡೂ ಕಚ್ಚಿಕೊಂಡಿರುತ್ತವೆ, ಬಿಡಿಸಿದರೆ ಚಿತ್ರದ ಮೇಲೆಲ್ಲ ಅಂಟಿನ ಗೆರೆ. ಎರಡೂ ಬದಿಗೆ ಹಾಕಬೇಕಾದ್ದರಿಂದ ಒಂದು ಜೋಡಣೆಗೆ ಹತ್ತು ಹದಿನೈದು ರೂಪಾಯಿ ಬೇರೆ.

ಸಿಮೆಂಟಿಗೆ ಮೊದಲು ತಂದದ್ದು ಆರುನೂರರ ಪ್ಲಾಸ್ಟಿಕ್ ಸ್ಪ್ಲೈಸರ್, ಫಿಲ್ಮ್ ಕತ್ತರಿಸಿ ಜೋಡಿಸುವ ಸಾಧನ. ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂರುವ ಜಾತಿ. ಆ ಜಾಗ ಪ್ರೊಜೆಕ್ಟರಿನ ಗೇಟಿಗೆ, ಅಂದರೆ ದೀಪದ ಮುಂದಿನ ಕಿಂಡಿಗೆ, ಬಂದಾಗಲೆಲ್ಲ ಚಿತ್ರ ಟಪ್ಪೆಂದು ಹಾರಿ, ಫಿಲ್ಮಿಗೆ ಬಿಟ್ಟಿರುವ ಸಡಿಲ ಬಾಗು (ಲೂಪ್) ತಪ್ಪಿಹೋಗುತ್ತಿತ್ತು. ಆಮೇಲೆ ಎರಡೂ ತುದಿಯನ್ನು ಓರೆಯಾಗಿ ಕೆರೆಯುವ ಬೋಲೆಕ್ಸ್ ಕಂಪನಿಯ ಹಳೇ ಸ್ಪ್ಲೈಸರ್ ತರಿಸಿದೆ, ಕಸ್ಟಮ್ಸ್ ಸೇರಿ ಆರು ಸಾವಿರ ದಾಟಿತು. ಮನೆಯಲ್ಲಿ ಇನ್ನೂ ಬೆಲೆ ಹೇಳಿಲ್ಲ. ಜೋಡಿಸಿದ ಜಾಗ ಬೆರಳಿಗೆ ಸಿಗುವುದೇ ಇಲ್ಲ, ಅಷ್ಟು ಸಪಾಟು.

ಕೆರೆಯುವಾಗ ಅವಸರ ಬೇಡ. ಮೊದಲು ಕಪ್ಪು ಪುಡಿ ಉದುರುತ್ತದೆ. ಪುಡಿ ಬೆಳ್ಳಗಾಗಿ, ಫಿಲ್ಮ್ ಗಾಜಿನ ಹಾಗೆ ಕಂಡರೆ ಚಿತ್ರ ಮೂಡಿರುವ ಪದರ (ಎಮಲ್ಷನ್) ಪೂರ್ತಿ ಹೋಯಿತೆಂದು ಅರ್ಥ. ಚೂರು ಉಳಿದರೂ ಅಲ್ಲೇ ಬಿಡುತ್ತದೆ. ಸೌಂಡ್ ಪಟ್ಟಿ ಇದ್ದರೆ ಆ ಬದಿಯಲ್ಲಿ ಅದನ್ನೂ ಕೆರೆಯಲೇಬೇಕು. ಸಿಮೆಂಟ್ ಒಂದೇ ಎಳೆತ, ತಕ್ಷಣ ಮುಚ್ಚಿ ಒತ್ತಬೇಕು. ಜೋರು ಮಳೆಯ ದಿನ ಜೋಡಣೆ ಬೆಳ್ಳಗೆ ಮಂಜಾಗಿ, ಬಗ್ಗಿಸಿದ ಕೂಡಲೇ ಬಿಟ್ಟುಕೊಳ್ಳುತ್ತಿತ್ತು. ಗಾಳಿಯ ತೇವದ ಕೆಲಸ ಅದು. ಈಗ ಎಸಿ ಹಾಕಿ ತೇವ ಇಳಿಸಿಯೇ ಕೂರುವುದು, ಸಿಮೆಂಟ್ ಹಚ್ಚುವಾಗ ಮಾತ್ರ ಫ್ಯಾನನ್ನು ಕಿಟಕಿಯತ್ತ ತಿರುಗಿಸುತ್ತೇನೆ, ಆ ವಾಸನೆ ಒಳ್ಳೆಯದಲ್ಲ.

ನಡುವೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ನೋಡಿದ್ದೆ, ಅಗ್ಗಕ್ಕೆ ಆಗಬಹುದೇನೋ ಎಂದು. ಆಗಲಿಲ್ಲ. ಅದರಲ್ಲಿರುವುದು ಅಸಿಟೋನ್, ಸೂಪರ್ 8 ಸಾಮಾನ್ಯವಾಗಿ ಟ್ರೈಅಸಿಟೇಟ್ ಎಂಬ ಅಸಿಟೇಟ್ ಪ್ಲಾಸ್ಟಿಕ್ಕಿನದು, ಅದಕ್ಕೆ ಕರಗುವುದಿಲ್ಲ. ಅದನ್ನು ಕರಗಿಸುವ ಮೀಥಿಲೀನ್ ಕ್ಲೋರೈಡ್ ಇರುವ ಸಿಮೆಂಟೇ ಬೇಕು. ದೊಡ್ಡ ಬಾಟಲಿ ತರಿಸಬೇಡಿ, ಮುಚ್ಚಳ ತೆಗೆದಷ್ಟು ಸಲವೂ ಆವಿಯಾಗಿ ಕೊನೆಯ ಅರ್ಧ ಬರೀ ಲೋಳೆ. ಆ ಲೋಳೆಗೆ ಏನು ಸೇರಿಸಿದರೆ ಮತ್ತೆ ಜೀವ ಬರುತ್ತದೆ ಎಂಬುದು ನನ್ನ ಹತ್ತಿರವೇ ಇರಲಿ.

ಸೂಪರ್ 8ರದೇ ಅಳತೆಯ ಸಿಂಗಲ್ 8 ಫಿಲ್ಮ್ ಬಂದರೆ ಮಾತ್ರ ನಾನೂ ಟೇಪೇ. ಫೂಜಿಯ ಆ ಫಿಲ್ಮ್ ಪಾಲಿಯೆಸ್ಟರ್, ಯಾವ ಸಿಮೆಂಟೂ ಹಿಡಿಯುವುದಿಲ್ಲ. ಸೂಪರ್ ಗ್ಲೂ ಹಾಕಿ ನೋಡಿದೆ, ಒಣಗಿ ಗಟ್ಟಿಯಾಗಿ ಪ್ರೊಜೆಕ್ಟರಿನ ಮೊದಲ ಹಲ್ಲುಚಕ್ರದಲ್ಲೇ ಚಟ್ಟೆಂದಿತು. ಗೊತ್ತಾಗದಿದ್ದರೆ ರೀಲಿನ ಬದಿಯನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಸುತ್ತುಗಳ ಮೂಲಕ ತೂರಿ ಬಂದರೆ ಪಾಲಿಯೆಸ್ಟರ್, ಕತ್ತಲಾಗಿದ್ದರೆ ಅಸಿಟೇಟ್. ಒಂದೇ ರೀಲಿನಲ್ಲಿ ಎರಡೂ ಬೆರೆತಿರುವುದುಂಟು, ಅಂಥ ಕಡೆ ಬೆಳಕಿನ ಪಟ್ಟೆ ನಡುವೆ ಕಾಣುತ್ತದೆ, ಅಲ್ಲಿಗೆ ಟೇಪ್ ತೆಗೆದಿಟ್ಟುಕೊಳ್ಳಿ.