ಬೆಂಗಳೂರಿನಲ್ಲಿ ಮಕ್ಕಳು ಮತ್ತು ಹವ್ಯಾಸಿಗಳಿಗಾಗಿ ಪುಟಾಣಿ ಕುದುರೆಗಳ ಪ್ರದರ್ಶನ ಏರ್ಪಡಿಸುವ ಬಗೆ

ಪುಟಾಣಿ ಕುದುರೆಯ ಮೇಲೆ ಸವಾರಿ ಮಾಡುವಂತಿಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಕುದುರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಭಾರ ಹೊರಬಾರದೆಂಬ ವಾಡಿಕೆಯ ಲೆಕ್ಕವನ್ನು ಹಿಡಿದರೆ, 90 ಕಿಲೋ ತೂಗುವ ಪುಟಾಣಿ ಕುದುರೆಯು ಜೀನೂ ಸೇರಿ 18 ಕಿಲೋವನ್ನಷ್ಟೇ ಹೊತ್ತೀತು. ಅದು ಯುಕೆಜಿಗೆ ಹೋಗುವ ಮಗುವಿನ ತೂಕ. ಹೀಗಾಗಿ ಈ ಪ್ರದರ್ಶನಗಳಲ್ಲಿ ಸ್ಪರ್ಧಿಗಳು ನೆಲದ ಮೇಲೆ ನಿಂತು, ಹಗ್ಗ ಹಿಡಿದು ಕುದುರೆಯನ್ನು ನಡೆಸುತ್ತಾರೆ, ಇಲ್ಲವೇ ಹಗುರವಾದ ಗಾಡಿಗೆ ಹೂಡಿ ಓಡಿಸುತ್ತಾರೆ. ಸವಾರಿ ಶಾಲೆಯ ಶುಲ್ಕ ಕೊಡಲಾಗದ ಮನೆಯ ಮಕ್ಕಳಿಗೂ, ನಡುವಯಸ್ಸಿನಲ್ಲಿ ಕುದುರೆಯ ಹುಚ್ಚು ಹಿಡಿಸಿಕೊಂಡವರಿಗೂ ಇದು ಸಲ್ಲುವುದು ಈ ಕಾರಣದಿಂದಲೇ. ಸಂಘಟಕರು ಮಾಡಬೇಕಾದ ಮೊದಲ ತೀರ್ಮಾನವೂ ಇಲ್ಲಿಂದಲೇ ಹುಟ್ಟುತ್ತದೆ: ಕುದುರೆಯ ಅಂದಕ್ಕೆ ಬಹುಮಾನ ಕೊಡುವುದೋ, ಅದನ್ನು ಹಿಡಿದವರ ಕೌಶಲಕ್ಕೆ ಕೊಡುವುದೋ? ಅಂದಕ್ಕೆ ಮಾತ್ರ ಕೊಟ್ಟರೆ ಹೆಚ್ಚು ಹಣ ತೆತ್ತು ಕುದುರೆ ತಂದವರು ಗೆಲ್ಲುತ್ತಾರೆ, ಉಳಿದವರು ಮುಂದಿನ ವರ್ಷ ಬರುವುದಿಲ್ಲ. ಮಕ್ಕಳ ಮತ್ತು ಹವ್ಯಾಸಿಗಳ ಪ್ರದರ್ಶನದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪರ್ಧೆಗಳು ಹಿಡಿದವರ ಕೆಲಸವನ್ನು ಅಳೆಯುವಂತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಮುಂದಿನ ಸಲಹೆಗಳೆಲ್ಲ ಅದನ್ನೇ ಆಧರಿಸಿವೆ.

ಯಾರು ಸ್ಪರ್ಧಿಸಬಹುದು

ಅಮೆರಿಕದಲ್ಲಿ 1978ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ 34 ಇಂಚನ್ನು, ಅಂದರೆ ಸುಮಾರು 86 ಸೆಂಟಿಮೀಟರನ್ನು, ಗರಿಷ್ಠ ಎತ್ತರವಾಗಿ ಇಟ್ಟುಕೊಂಡಿದೆ. ಅಲ್ಲಿನ ಇನ್ನೊಂದು ನೋಂದಣಿ ಸಂಸ್ಥೆ 34 ಇಂಚಿನವರೆಗಿನದನ್ನು ‘ಎ’ ವಿಭಾಗವೆಂದೂ, 34ರಿಂದ 38 ಇಂಚಿನವರೆಗಿನದನ್ನು ‘ಬಿ’ ವಿಭಾಗವೆಂದೂ ಗುರುತಿಸುತ್ತದೆ. ನಮ್ಮಲ್ಲಿ ನೋಂದಾಯಿತ ಪುಟಾಣಿ ಕುದುರೆಗಳು ವಿರಳವಾದ್ದರಿಂದ ಈ ಎರಡೇ ವಿಭಾಗಗಳಿಗೆ ಅಂಟಿಕೊಂಡರೆ ಅಂಕಣ ಖಾಲಿ ಹೊಡೆಯುತ್ತದೆ. 38ರಿಂದ 42 ಇಂಚಿನವರೆಗಿನ ಮೂರನೆಯ ವಿಭಾಗವೊಂದನ್ನು ಸೇರಿಸಿದರೆ ಶೆಟ್ಲೆಂಡ್ ಜಾತಿಯ ಪೋನಿಗಳಿಗೂ, ತೋಟದ ಮನೆಗಳಲ್ಲಿ ಸಾಕಿರುವ ಮಿಶ್ರ ತಳಿಯ ತಟ್ಟುಗಳಿಗೂ ಜಾಗ ಸಿಗುತ್ತದೆ. ವಂಶಾವಳಿಯ ಕಾಗದ ಕೇಳಬೇಡಿ. ಎತ್ತರ ಮತ್ತು ಆರೋಗ್ಯದ ದಾಖಲೆ ಸಾಕು.

ಮಕ್ಕಳ ವಿಭಾಗವನ್ನು 12 ವರ್ಷದವರೆಗಿನವರು ಮತ್ತು 13ರಿಂದ 17 ವರ್ಷದವರು ಎಂದು ಎರಡಾಗಿ ಒಡೆದು, ವಯಸ್ಸನ್ನು ಆ ವರ್ಷದ ಜನವರಿ 1ಕ್ಕೆ ಎಣಿಸಬೇಕು. ಹವ್ಯಾಸಿ ಎಂದರೆ ಕುದುರೆ ಪಳಗಿಸುವುದಕ್ಕಾಗಲಿ, ಪ್ರದರ್ಶಿಸುವುದಕ್ಕಾಗಲಿ, ಸವಾರಿ ಕಲಿಸುವುದಕ್ಕಾಗಲಿ ಹಣ ಪಡೆಯದವರು ಎಂದು ನಿಯಮಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಯಿರಿ. ಈ ವ್ಯಾಖ್ಯೆಯ ಪ್ರಕಾರ ಲಾಯದಲ್ಲಿ ದುಡಿಯುವ ಸೈಸ್‌ಗಳು ಹೊರಗುಳಿಯುತ್ತಾರೆ. ವರ್ಷವಿಡೀ ಕುದುರೆಯ ಮೈ ಉಜ್ಜಿ, ಗೊರಸು ಕೆರೆದು, ಹುಲ್ಲು ಹಾಕುವವರು ಅವರೇ ಆಗಿರುವುದರಿಂದ, ಅವರಿಗೆಂದೇ ನಗದು ಬಹುಮಾನವಿರುವ ಒಂದು ಮುಕ್ತ ಸ್ಪರ್ಧೆಯನ್ನು ಇಡುವುದು ನ್ಯಾಯ. ಹಾಗೆ ಮಾಡಿದ ಮೇಲೆ, ಉಳಿದ ಸ್ಪರ್ಧೆಗಳಲ್ಲಿ ಸೈಸ್ ಬಾಗಿಲವರೆಗೆ ಮಾತ್ರ ಬರಬಹುದು, ಅಂಕಣದೊಳಗೆ ಹಗ್ಗ ಮುಟ್ಟುವಂತಿಲ್ಲ ಎಂಬ ನಿಯಮವನ್ನು ಬಿಗಿಯಾಗಿ ಪಾಲಿಸಲೂ ಸುಲಭವಾಗುತ್ತದೆ.

ಮಕ್ಕಳ ಕೈಗೆ ಬೀಜ ತೆಗೆಸದ ಗಂಡು ಕುದುರೆಯನ್ನು ಕೊಡಬಾರದು. ಮನೆಯಲ್ಲಿ ಅದು ಎಷ್ಟು ಸಾಧುವಾಗಿದ್ದರೂ, ಬೆದೆಗೆ ಬಂದ ಹೆಣ್ಣು ಕುದುರೆ ನಾಲ್ಕು ಮಾರು ದೂರದಲ್ಲಿ ನಿಂತಾಗ ಅದರ ವರ್ತನೆ ಬೇರೆಯೇ ಆಗಿರುತ್ತದೆ.

ಅನುಮತಿ ಮತ್ತು ಆರೋಗ್ಯ ಪತ್ರ

ಸಾರ್ವಜನಿಕರನ್ನು ಒಳಬಿಡುವುದಾದರೆ ಇದು ಕೇವಲ ಗೆಳೆಯರ ಕೂಟವಾಗಿ ಉಳಿಯುವುದಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ 2001ರಲ್ಲಿ ಬಂದ, ಪ್ರದರ್ಶನಕ್ಕೆ ಬಳಸುವ ಪ್ರಾಣಿಗಳ ನೋಂದಣಿ ನಿಯಮಗಳು ಸಿನಿಮಾದ ಜೊತೆಗೆ ಕುದುರೆಗಳ ಕಾರ್ಯಕ್ರಮಗಳನ್ನೂ ಹೆಸರಿಸಿಯೇ ಒಳಗೊಳ್ಳುತ್ತವೆ. ಆದ್ದರಿಂದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೊಂದಿಗೆ ಮೊದಲೇ ಪತ್ರವ್ಯವಹಾರ ಮಾಡಿ ನೋಂದಣಿಯ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳಬೇಕು. ಸ್ಥಳೀಯ ಪೊಲೀಸ್ ಠಾಣೆ, ನಗರ ಪಾಲಿಕೆ ಮತ್ತು ಮೈಕ್ ಅನುಮತಿಯ ಅರ್ಜಿಗಳು ಇತರ ಕಾರ್ಯಕ್ರಮಗಳಂತೆಯೇ.

ಆರೋಗ್ಯದ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯೇ ಇಲ್ಲ. ಗ್ಲಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಕುದುರೆಯಿಂದ ಮನುಷ್ಯನಿಗೂ ಹರಡುತ್ತದೆ. ಅದಕ್ಕೆ ಲಸಿಕೆ ಇಲ್ಲ. ಪಶುರೋಗಗಳ ತಡೆಗಾಗಿ 2009ರಲ್ಲಿ ಬಂದ ಕೇಂದ್ರ ಕಾಯ್ದೆಯಡಿ ಅದನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ, ಸೋಂಕು ಖಚಿತವಾದ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಲಾಗುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಈ ರೋಗದ ಪರೀಕ್ಷೆಯಲ್ಲಿ ದೇಶದ ಪ್ರಮುಖ ಪ್ರಯೋಗಾಲಯ. ರಕ್ತದ ಮಾದರಿ ಕಳಿಸಿ ವರದಿ ತರಿಸಿಕೊಳ್ಳಲು ಸಮಯ ಹಿಡಿಯುವುದರಿಂದ, ಪ್ರದರ್ಶನಕ್ಕೆ ಎರಡು ತಿಂಗಳು ಮುಂಚಿತವಾಗಿಯೇ ಸ್ಪರ್ಧಿಗಳಿಗೆ ತಿಳಿಸಿ, ಪಶುಪಾಲನಾ ಇಲಾಖೆಯ ವೈದ್ಯರ ಮೂಲಕ ಮಾದರಿ ತೆಗೆಸುವ ವ್ಯವಸ್ಥೆ ಮಾಡಿ. ಧನುರ್ವಾಯು, ರೇಬಿಸ್ ಮತ್ತು ಕುದುರೆ ಜ್ವರದ ಲಸಿಕೆಗಳ ದಾಖಲೆಯನ್ನೂ ಕೇಳಬೇಕು. ಕೊನೆಯ ಏಳು ದಿನಗಳಲ್ಲಿ ಲಸಿಕೆ ಹಾಕಿಸಬಾರದೆಂದು ಅರ್ಜಿಯಲ್ಲೇ ಸೂಚಿಸಿದರೆ, ಲಸಿಕೆಯಿಂದ ಮೈ ಬಿಸಿಯಾದ ಕುದುರೆ ಬಾಗಿಲಿಗೆ ಬಂದು ನಿಲ್ಲುವ ಪ್ರಸಂಗ ತಪ್ಪುತ್ತದೆ.

ಪುಟಾಣಿ ಕುದುರೆಗಳಿಗೇ ವಿಶೇಷವಾದ ಇನ್ನೊಂದು ಅಪಾಯವನ್ನು ಸ್ವಯಂಸೇವಕರಿಗೆಲ್ಲ ತಿಳಿಸಿಕೊಡಬೇಕು. ಪ್ರಯಾಣದ ದಣಿವಿನಿಂದಲೋ ಹೊಸ ಜಾಗದ ಅಂಜಿಕೆಯಿಂದಲೋ ಇವು ಮೇವು ಬಿಟ್ಟರೆ, ಮೈಯಲ್ಲಿನ ಕೊಬ್ಬು ಕರಗಿ ರಕ್ತಕ್ಕೆ ಅತಿಯಾಗಿ ಸೇರಿ ಯಕೃತ್ತನ್ನು ಕೆಡಿಸಬಹುದು. ಹೈಪರ್‌ಲಿಪೀಮಿಯ ಎಂಬ ಈ ಸ್ಥಿತಿ ಪ್ರಾಣಕ್ಕೂ ಎರವಾಗಬಲ್ಲದು. ದೊಡ್ಡ ಕುದುರೆ ಒಂದು ಹೊತ್ತು ಮೇವು ತಿನ್ನದಿದ್ದರೆ ಕಾದು ನೋಡಬಹುದಾದರೂ ಇವುಗಳಲ್ಲಿ ಕೂಡಲೇ ವೈದ್ಯರನ್ನು ಕರೆಯಬೇಕು. ಪ್ರತಿಯೊಬ್ಬರೂ ತಮ್ಮ ಕುದುರೆಗೆ ರೂಢಿಯಾದ ಹುಲ್ಲು, ಹುರುಳಿ ಮತ್ತು ಸಾಧ್ಯವಾದರೆ ಮನೆಯ ನೀರನ್ನೇ ತರಬೇಕೆಂದು ಕಡ್ಡಾಯ ಮಾಡುವುದು ಈ ಕಾರಣಕ್ಕೆ. ನೋಡಲು ಬಂದ ಮಕ್ಕಳು ಬಿಸ್ಕತ್ತು, ಕಡಲೆಕಾಯಿ ತಿನ್ನಿಸುವುದನ್ನು ತಡೆಯಲು ಲಾಯದ ಸಾಲಿನ ಮುಂದೆ ಒಬ್ಬರನ್ನು ನಿಲ್ಲಿಸಲೇಬೇಕು. ಫಲಕಗಳನ್ನು ಯಾರೂ ಓದುವುದಿಲ್ಲ.

ದಿನ ಮತ್ತು ಜಾಗ

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಳೆ ಜೋರು, ಏಪ್ರಿಲ್‌ನಲ್ಲಿ ಬಿಸಿಲು, ಮಾರ್ಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ, ದೀಪಾವಳಿಯ ಆಸುಪಾಸಿನಲ್ಲಿ ಪಟಾಕಿ. ಇವನ್ನೆಲ್ಲ ಕಳೆದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸವೇ ಪ್ರಶಸ್ತವೆಂದು ಹೇಳಬೇಕು. ಹವೆ ತಂಪಾಗಿರುತ್ತದೆ ಎನ್ನುವುದು ಒಂದು ಕಾರಣ; ಆ ತಿಂಗಳಲ್ಲಿ ಮದುವೆಗಳು ನಡೆಯದಿರುವುದರಿಂದ ಮೈದಾನವೂ ಶಾಮಿಯಾನದವರೂ ಸುಲಭವಾಗಿ ಸಿಗುತ್ತಾರೆ, ಪಕ್ಕದ ಆವರಣದಿಂದ ಬ್ಯಾಂಡು, ಡಿಜೆ, ಸಿಡಿಮದ್ದಿನ ಸದ್ದು ಬಂದು ಕುದುರೆಗಳು ಬೆದರುವುದಿಲ್ಲ ಎನ್ನುವುದು ಇನ್ನೊಂದು. ಅರಮನೆ ಮೈದಾನದಂತಹ ಜಾಗದ ಬಾಡಿಗೆ ಇಂಥ ಸಣ್ಣ ಕಾರ್ಯಕ್ರಮಕ್ಕೆ ಹೊರೆಯಾಗುತ್ತದೆ. ಯಲಹಂಕ, ದೇವನಹಳ್ಳಿ ಅಥವಾ ಸರ್ಜಾಪುರದ ಕಡೆಯ ಸವಾರಿ ಶಾಲೆಗಳ ಅಂಕಣವನ್ನು ಒಂದು ಭಾನುವಾರಕ್ಕೆ ಕೇಳುವುದೇ ಜಾಣತನ, ಏಕೆಂದರೆ ಅಲ್ಲಿ ಮರಳಿನ ನೆಲ, ಬೇಲಿ, ನೀರು ಎಲ್ಲವೂ ಸಿದ್ಧವಾಗಿರುತ್ತವೆ.

40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ ಧಾರಾಳವಾಯಿತು. ಬೇಲಿಯ ಕೆಳಗಿನ ಅಡ್ಡಪಟ್ಟಿ ನೆಲಕ್ಕೆ ಹತ್ತಿರವಿರಬೇಕೆಂಬುದನ್ನು ಮರೆಯಬೇಡಿ. ದೊಡ್ಡ ಕುದುರೆಗೆಂದು ಕಟ್ಟಿದ ಬೇಲಿಯ ಅಡಿಯಲ್ಲಿ ಪುಟಾಣಿ ಕುದುರೆ ತಲೆ ತಗ್ಗಿಸಿ ಆರಾಮವಾಗಿ ನುಸುಳಿ ಹೋಗುತ್ತದೆ. ನಮ್ಮ ಕೆಂಪು ಮಣ್ಣು ಡಿಸೆಂಬರ್ ಹೊತ್ತಿಗೆ ಗಟ್ಟಿಯಾಗಿರುವುದರಿಂದ ಬರಿ ಮಣ್ಣಿನ ಮೈದಾನವಾದರೆ ಹಿಂದಿನ ಸಂಜೆಯೇ ನೀರು ಹಾಯಿಸಿ, ಮೇಲ್ಪದರವನ್ನು ಹಲುಬೆಯಿಂದ ಸಡಿಲಗೊಳಿಸಬೇಕು. ಇವು ಟಾಟಾ ಏಸ್‌ನಂತಹ ಸಣ್ಣ ವಾಹನದಲ್ಲೂ ಬರುತ್ತವೆ, ಆದರೆ ನೆಲಕ್ಕೆ ರಬ್ಬರ್ ಹಾಸು, ಪಕ್ಕಗಳಿಗೆ ಮೆತ್ತೆ, ಮೇಲೆ ನೆರಳು ಮತ್ತು ಪಶುವೈದ್ಯರ ಪ್ರಯಾಣ ಪತ್ರ ಇಲ್ಲದೆ ಒಳಬಿಡಬೇಡಿ. ದಟ್ಟಣೆಯ ವೇಳೆಯಲ್ಲಿ ನಗರದೊಳಗೆ ಸರಕು ವಾಹನಗಳಿಗೆ ನಿರ್ಬಂಧವಿರುವುದರಿಂದ ಬೆಳಿಗ್ಗೆ ಆರೂವರೆಯೊಳಗೆ ಬಂದು ಸೇರುವಂತೆ ಹೇಳಬೇಕು.

ಎತ್ತರ ಅಳೆಯುವುದು

ಜಗಳ ಹುಟ್ಟುವುದು ಬಹುತೇಕ ಇಲ್ಲೇ. ದೊಡ್ಡ ಕುದುರೆಯನ್ನು ಹೆಗಲಿನ ದಿಣ್ಣೆಯ ತುದಿಯಲ್ಲಿ ಅಳೆಯುತ್ತಾರೆ. ಪುಟಾಣಿ ಕುದುರೆಯನ್ನು ಅಮೆರಿಕದ ನಿಯಮದಂತೆ ಅಯಾಲಿನ ಕೊನೆಯ ಕೂದಲು ಚರ್ಮಕ್ಕೆ ಅಂಟಿರುವ ಜಾಗದಲ್ಲಿ ಅಳೆಯುತ್ತಾರೆ. ಇವೆರಡರ ನಡುವೆ ಒಂದೆರಡು ಇಂಚಿನ ಅಂತರ ಬರಬಹುದಾದ್ದರಿಂದ ಯಾವ ವಿಧಾನವೆಂದು ಅರ್ಜಿ ನಮೂನೆಯಲ್ಲೇ ಮುದ್ರಿಸಿ. ಅಳತೆಗೆ ಸಮತಟ್ಟಾದ ಸಿಮೆಂಟ್ ನೆಲ, ರಸಮಟ್ಟದ ಗುಳ್ಳೆಯಿರುವ ಅಳತೆಕೋಲು ಮತ್ತು ತಾಳ್ಮೆಯುಳ್ಳ ಇಬ್ಬರು ಬೇಕು. ಮುಂಗಾಲುಗಳೆರಡೂ ನೇರವಾಗಿ ಒಂದೇ ಸಾಲಿನಲ್ಲಿ ನಿಂತು, ತಲೆ ಸಹಜ ಎತ್ತರದಲ್ಲಿದ್ದಾಗ ಕೋಲಿನ ಅಡ್ಡಪಟ್ಟಿಯನ್ನು ಒತ್ತದೆ ಇಳಿಸಬೇಕು. ಕಾಲು ಅಗಲಿಸಿ ನಿಲ್ಲಿಸುವುದು, ಬೆನ್ನನ್ನು ಬೆರಳಿನಿಂದ ಅದುಮಿ ತಗ್ಗಿಸುವುದು ಹಳೆಯ ತಂತ್ರಗಳು. ಅಳೆಯುವವರು ಅವನ್ನು ಬಲ್ಲವರಾಗಿರಬೇಕು.

ಸ್ಪರ್ಧೆಗಳ ಆಯ್ಕೆ

ಮೈಕಟ್ಟಿನ ಸ್ಪರ್ಧೆ ಇರಲಿ, ಆದರೆ ಒಂದು ಎತ್ತರಕ್ಕೆ ಒಂದೇ ಸಾಕು. ದಿನದ ಮುಖ್ಯ ಸ್ಪರ್ಧೆ ಶೋಮನ್‌ಶಿಪ್ ಆಗಿರಬೇಕು. ಇದರಲ್ಲಿ ತೀರ್ಪುಗಾರರು ನೋಡುವುದು ಕುದುರೆಯ ಶುಚಿತ್ವ, ಹಿಡಿದವರ ನಿಲುವು ಮತ್ತು ಕೊಟ್ಟ ವಿನ್ಯಾಸವನ್ನು ಪಾಲಿಸಿದ ಬಗೆ. ಮೊದಲ ಕಂಬದವರೆಗೆ ನಡಿಗೆ, ಎರಡನೆಯದರವರೆಗೆ ಟ್ರಾಟ್ ಎನ್ನುವ ಲಯದ ಓಟ, ನಿಲುಗಡೆ, ನಾಲ್ಕು ಹೆಜ್ಜೆ ಹಿಂದಕ್ಕೆ, ಬಲಕ್ಕೆ ತಿರುವು, ತಪಾಸಣೆಗೆ ನಿಲ್ಲಿಸುವುದು. ಹೊಸಬರಿಗೆ ಇಷ್ಟು ವಿನ್ಯಾಸ ಸಾಕು. ತಪಾಸಣೆಯ ಹೊತ್ತಿನಲ್ಲಿ ಒಂದು ನಿಯಮವನ್ನು ಮಕ್ಕಳಿಗೆ ಮೊದಲೇ ಕಲಿಸಿರಬೇಕು: ತೀರ್ಪುಗಾರರು ಕುದುರೆಯ ಮುಂಭಾಗದಲ್ಲಿದ್ದಾಗ ಹಿಡಿದವರು ಅವರ ಎದುರು ಮಗ್ಗುಲಿಗೆ ಸರಿಯಬೇಕು, ಅವರು ಹಿಂಭಾಗಕ್ಕೆ ಹೋದಾಗ ಅವರಿರುವ ಮಗ್ಗುಲಿಗೇ ಬರಬೇಕು. ಮುಂದೆ ಇದ್ದಾಗ ಅವರ ನೋಟಕ್ಕೆ ಅಡ್ಡಬಾರದಿರುವುದು ಉದ್ದೇಶ. ಹಿಂದೆ ಇದ್ದಾಗ ಉದ್ದೇಶ ಸುರಕ್ಷತೆ: ಕುದುರೆ ಒದೆಯಲು ಹವಣಿಸಿದರೆ ಹಗ್ಗವನ್ನು ತನ್ನತ್ತ ಎಳೆದೊಡನೆ ಅದರ ತಲೆ ಈ ಕಡೆಗೆ ಬಂದು ಹಿಂಗಾಲುಗಳು ತೀರ್ಪುಗಾರರಿಂದ ಆಚೆಗೆ ಸರಿಯುತ್ತವೆ. ಕಾರಣ ಹೇಳಿಕೊಟ್ಟರೆ ಒಂಬತ್ತು ವರ್ಷದ ಮಗುವೂ ಇದನ್ನು ಮರೆಯುವುದಿಲ್ಲ.

ಅಡೆತಡೆಗಳ ಸ್ಪರ್ಧೆಗೆ ದುಬಾರಿ ಸಾಮಾನು ಬೇಕಿಲ್ಲ. ಗಟ್ಟಿ ಹಲಗೆಯ ಸೇತುವೆ, ಸಂಚಾರ ಪೊಲೀಸರು ಬಳಸುವಂತಹ ಶಂಕುಗಳ ನಡುವೆ ಹಾವಿನ ನಡೆ, ಇಂಗ್ಲಿಷಿನ ‘ಎಲ್’ ಆಕಾರದಲ್ಲಿ ಇಟ್ಟ ಕಂಬಗಳ ನಡುವೆ ಹಿಂದಕ್ಕೆ ನಡೆಸುವುದು, ಅಂಚೆ ಡಬ್ಬಿಯಿಂದ ಕಾಗದ ತೆಗೆಯುವುದು, ಬಿಡಿಸಿದ ಕೊಡೆಯ ಪಕ್ಕದಲ್ಲಿ ಹಾದುಹೋಗುವುದು, ಇವು ಐದಾದರೆ ಸಾಕು. ಸೇತುವೆಯ ಮೇಲೆ ಗೊರಸಿನ ಸದ್ದು ಟೊಳ್ಳಾಗಿ ಕೇಳಿಸಿದಾಗ ಎಷ್ಟೋ ಕುದುರೆಗಳು ಎರಡನೆಯ ಹೆಜ್ಜೆಗೇ ನಿಂತುಬಿಡುತ್ತವೆ. ಆಗ ಹಗ್ಗ ಜಗ್ಗುವ ಮಗುವಿಗೆ ಕಡಿಮೆ ಅಂಕ, ಕುದುರೆ ಹಲಗೆಯನ್ನು ಮೂಸಿ ನೋಡುವವರೆಗೆ ಕಾಯುವ ಮಗುವಿಗೆ ಹೆಚ್ಚು ಅಂಕ ಎಂದು ಅಂಕಪಟ್ಟಿಯಲ್ಲಿ ಬರೆದಿರಬೇಕು. ಪ್ರತಿ ಅಡೆತಡೆಗೆ ಮೂರು ಪ್ರಯತ್ನಗಳ ಮಿತಿಯಿಟ್ಟು, ನಂತರ ಮುಂದಕ್ಕೆ ಕಳಿಸಿ.

ಹಗ್ಗ ಹಿಡಿದು ಜೊತೆಗೆ ಓಡುತ್ತಾ ಕುದುರೆಯನ್ನು ಹಾರಿಸುವ ಸ್ಪರ್ಧೆಯನ್ನಿಟ್ಟರೆ, ಮೂರು ವರ್ಷ ತುಂಬಿದ ಕುದುರೆಗಳಿಗೆ ಮಾತ್ರ, ಒಂದೂವರೆ ಅಡಿಗಿಂತ ಎತ್ತರಕ್ಕೆ ಹೋಗದಂತೆ, ತಾಗಿದರೆ ಬೀಳುವ ಕಂಬಗಳೊಂದಿಗೆ ನಡೆಸಿ. ಗಾಡಿ ಓಡಿಸುವ ಸ್ಪರ್ಧೆ ಮೊದಲ ವರ್ಷ ಬೇಡ. ಬೆದರಿದ ಕುದುರೆಯ ಹಿಂದೆ ಮಗುವಿರುವ ಗಾಡಿಯಿದ್ದರೆ ಬೇಲಿಯಾಚೆ ನಿಂತವರು ಮಾಡುವಂಥದ್ದು ಏನೂ ಇರುವುದಿಲ್ಲ. ವೇಷಭೂಷಣ ಸ್ಪರ್ಧೆಯನ್ನು ಬಿಟ್ಟರೆ ಪೋಷಕರು ಬಿಡುವುದಿಲ್ಲ. ದಸರಾ ಮೆರವಣಿಗೆಯ ಅಲಂಕಾರವೇ ಆಗಲಿ, ಜಾತ್ರೆಯ ಬಸವನ ವೇಷವೇ ಆಗಲಿ, ಕಣ್ಣು, ಮೂಗು ಮುಚ್ಚದಂತೆ, ಬಟ್ಟೆ ನೆಲಕ್ಕೆ ಎಳೆಯದಂತೆ ಇರಬೇಕು. ಮೈಗೆ ಬಣ್ಣ ಬಳಿಯುವುದನ್ನು ನಿಷೇಧಿಸಬೇಕು.

ದಿನದ ನಡಾವಳಿ

ಎಂಟಕ್ಕೆ ಆರಂಭಿಸಿ, ಹನ್ನೆರಡರಿಂದ ಮೂರರವರೆಗೆ ಕುದುರೆಗಳಿಗೆ ನೆರಳು, ನೀರು, ಬಿಡುವು. ಅಂಕಣದ ಬಾಗಿಲಲ್ಲಿ ಗಟ್ಟಿ ದನಿಯ ಮೇಲ್ವಿಚಾರಕರೊಬ್ಬರು ನಿಂತು, ಸ್ಪರ್ಧಿ ಒಳಬರುವ ಮುನ್ನ ಮೂರು ಸಂಗತಿಗಳನ್ನು ನೋಡಬೇಕು: ಕಾಲಿಗೆ ಬೂಟು ಇದೆಯೇ, ಹೆಲ್ಮೆಟ್ಟಿನ ಪಟ್ಟಿ ಬಿಗಿದಿದೆಯೇ, ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿಲ್ಲವಷ್ಟೇ. ಉಳಿದ ಹಗ್ಗವನ್ನು ಮಡಿಕೆ ಮಡಿಕೆಯಾಗಿ ಹಿಡಿಯಬೇಕು. ಸುತ್ತಿಕೊಂಡ ಹಗ್ಗ ಕುದುರೆ ಓಡಿದ ಕ್ಷಣದಲ್ಲೇ ಬೆರಳು ಮುರಿಯುತ್ತದೆ. ಅಂಕಣದಲ್ಲಿ ಎರಡು ಕುದುರೆಗಳ ನಡುವೆ ಕನಿಷ್ಠ ಒಂದು ಕುದುರೆಯಷ್ಟು ಅಂತರವಿರಲಿ.

ಯಾವ ಸ್ಪರ್ಧಿಯ ಬಂಧುವೂ ಅಲ್ಲದ, ಯಾರಿಗೂ ಕುದುರೆ ಮಾರದ ತೀರ್ಪುಗಾರರು ಬೇಕು. ಬೆಂಗಳೂರಿನ ಕುದುರೆ ವಲಯ ಚಿಕ್ಕದಾದ್ದರಿಂದ ಹೊರ ಊರಿನವರನ್ನು ಕರೆಸುವ ಖರ್ಚನ್ನು ಲೆಕ್ಕದಲ್ಲಿಡಿ. ಪ್ರತಿ ಸ್ಪರ್ಧೆ ಮುಗಿದ ಮೇಲೆ ಅವರು ಮೈಕಿನಲ್ಲಿ ಎರಡು ನಿಮಿಷ, ಏಕೆ ಹೀಗೆ ಸ್ಥಾನ ಕೊಟ್ಟೆನೆಂದು ವಿವರಿಸಬೇಕು. ಕನ್ನಡ ಬಾರದವರಾದರೆ ಅನುವಾದಿಸಲು ಒಬ್ಬರಿರಲಿ, ಏಕೆಂದರೆ ಮಕ್ಕಳಿಗೆ ಪದಕಕ್ಕಿಂತ ಈ ಎರಡು ನಿಮಿಷದ ಮಾತೇ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ರಿಬ್ಬನ್ ಬಣ್ಣದ ಬಗ್ಗೆಯೂ ಮೊದಲೇ ತಿಳಿಸಿ: ಬ್ರಿಟನ್ನಿನ ಪದ್ಧತಿಯಲ್ಲಿ ಕೆಂಪು ಮೊದಲನೆಯದು, ಅಮೆರಿಕದಲ್ಲಿ ನೀಲಿ, ಎರಡನ್ನೂ ಬೆರೆಸಿದರೆ ಎರಡನೆಯ ಸ್ಥಾನದ ಮಗು ತಾನೇ ಗೆದ್ದೆನೆಂದು ಕುಣಿದಾಡುತ್ತದೆ.

ಬಹುಮಾನ ವಿತರಣೆಯ ಭಾಷಣಗಳಿಗಾಗಿ ಕುದುರೆಗಳನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ಸ್ಪರ್ಧೆ ಮುಗಿದವರು ವೈದ್ಯರಿಗೆ ತೋರಿಸಿ ಹೊರಡಬಹುದೆಂದು ಘೋಷಿಸಿ. ಅಳತೆಯ ದಾಖಲೆ ಮತ್ತು ಅಂಕಪಟ್ಟಿಯ ಪ್ರತಿಯನ್ನು ಆ ವಾರದಲ್ಲೇ ಎಲ್ಲ ಸ್ಪರ್ಧಿಗಳಿಗೂ ಕಳಿಸಬೇಕು. ಮನೆಗೆ ಮರಳಿದ ಕುದುರೆಯನ್ನು ಲಾಯದ ಇತರ ಕುದುರೆಗಳಿಂದ ಎರಡು ವಾರ ಬೇರೆ ಕಟ್ಟಿ, ದಿನವೂ ಬೆಳಿಗ್ಗೆ ಜ್ವರ ನೋಡಿ, ಕೆಮ್ಮು ಅಥವಾ ಮೂಗಿನ ಸ್ರಾವ ಕಂಡರೆ ಸಂಘಟಕರಿಗೆ ಕರೆ ಮಾಡಬೇಕೆಂಬ ಸೂಚನೆಯೂ ಅದೇ ಲಕೋಟೆಯಲ್ಲಿರಲಿ.